ಗ್ರಂಥಾಲಯದ ಕಂಪ್ಯೂಟರಿಗೆ ಹಾಕಲು ಬಂದ ಕನ್ನಡ ಪುಸ್ತಕಗಳ ಪಿಡಿಎಫ್: ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಬಾರದು?

ಅರಿವುಕೇಂದ್ರ_ಮೇಲ್ವಿಚಾರಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಕಂಪ್ಯೂಟರುಗಳಿಗೆ ಹಾಕಿ ಎಂದು ಊರಿನ ಹಿತೈಷಿಗಳೊಬ್ಬರು ಪೆನ್‌ಡ್ರೈವ್ ತುಂಬ ಕನ್ನಡ ಪುಸ್ತಕಗಳ ಪಿಡಿಎಫ್ ಕೊಟ್ಟಿದ್ದಾರೆ. ಹೆಚ್ಚಿನವು ಟೆಲಿಗ್ರಾಂ ಚಾನೆಲ್‌ಗಳಿಂದ ಇಳಿಸಿಕೊಂಡವು, ಕೆಲವು ಇಂಟರ್ನೆಟ್ ಆರ್ಕೈವ್‌ನವು. ಕುವೆಂಪು, ಬೇಂದ್ರೆ, ಕಾರಂತ, ತ್ರಿವೇಣಿ, ತೇಜಸ್ವಿ ಇದ್ದಾರೆ. ಮಂಕುತಿಮ್ಮನ ಕಗ್ಗ, ವಚನಗಳು, ಗದುಗಿನ ಭಾರತ ಇವೆ. ಜೊತೆಗೆ ಕೆಎಎಸ್, ಪಿಡಿಓ, ಪೊಲೀಸ್ ಪರೀಕ್ಷೆಯ ಗೈಡುಗಳು ರಾಶಿ ಇವೆ.

ಕೇಳಬೇಕಾದ್ದು ಇಷ್ಟು. ಇವುಗಳಲ್ಲಿ ಕಾನೂನುಬದ್ಧವಾಗಿ ಇಡಬಹುದಾದ್ದು ಯಾವುದು ಎಂದು ಒಂದೊಂದನ್ನೂ ನೋಡಿ ತೀರ್ಮಾನಿಸುವುದು ಹೇಗೆ? "ನಾವು ದುಡ್ಡು ತಗೊಳ್ಳಲ್ಲ, ಮಕ್ಕಳಿಗೆ ಓದಲು ಕೊಡ್ತೀವಿ" ಎಂದರೆ ತಪ್ಪಾಗುವುದಿಲ್ಲವೇ? ಗ್ರಂಥಾಲಯಗಳಿಗೆ ಏನೋ ವಿನಾಯಿತಿ ಇದೆ ಎಂದು ಕೇಳಿದ್ದೇನೆ, ಅದು ಎಲ್ಲಿಯವರೆಗೆ? ದೃಷ್ಟಿದೋಷ ಇರುವ ವಿದ್ಯಾರ್ಥಿಗಳಿಗಾಗಿ ಕಾದಂಬರಿ ಓದಿ ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕಬಹುದೇ?

ಕರಡು_ತಿದ್ದುವವ

ಮೇಡಂ, ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಪಿಡಿಎಫ್ ಎಲ್ಲಿ ಸಿಕ್ಕಿತು ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಬರೆದವರು ಯಾವ ವರ್ಷ ತೀರಿಕೊಂಡರು ಎಂಬುದರಿಂದ ಲೆಕ್ಕ ಶುರುವಾಗುತ್ತದೆ. 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ಆ 60ನ್ನು ತೀರಿಕೊಂಡ ದಿನದಿಂದಲ್ಲ, ಮರುವರ್ಷದ ಜನವರಿ 1ರಿಂದ ಎಣಿಸಬೇಕು. ಸುಲಭವಾಗಿ ಹೇಳುವುದಾದರೆ ತೀರಿಕೊಂಡ ಇಸವಿಗೆ 61 ಕೂಡಿಸಿ. ಬಂದ ವರ್ಷದ ಜನವರಿ 1ರಂದು ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ, ಅಂದರೆ ಯಾರ ಅನುಮತಿಯೂ ಇಲ್ಲದೆ ಬಳಸಲು ಮುಕ್ತ.

ನಿಮ್ಮ ಪಟ್ಟಿಗೆ ಇದನ್ನು ಹಚ್ಚಿ ನೋಡೋಣ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ 2024ರ ಜನವರಿ 1ರಿಂದ ಮುಕ್ತ. ಗೋವಿಂದ ಪೈಗಳೂ 1963ರಲ್ಲೇ ಹೋದವರು, ಅವರ ಲೆಕ್ಕವೂ ಅದೇ. ಬಿ.ಎಂ.ಶ್ರೀ ಮತ್ತು ಕೈಲಾಸಂ 1946, ಆದ್ದರಿಂದ 2007ರಿಂದ ಮುಕ್ತ. ಗಳಗನಾಥರು 1942, 2003ರಿಂದ. ಈಗ ಇನ್ನೊಂದು ಕಡೆ ನೋಡಿ. ಡಿವಿಜಿ 1975ರಲ್ಲಿ ತೀರಿಕೊಂಡರು, ಅಂದರೆ ಕಗ್ಗ ಮುಕ್ತವಾಗುವುದು 2036ಕ್ಕೆ. ಬೇಂದ್ರೆ 1981, 2042ಕ್ಕೆ. ಮಾಸ್ತಿ 1986, 2047ಕ್ಕೆ. ಕುವೆಂಪು 1994, 2055ಕ್ಕೆ. ಕಾರಂತರು 1997, 2058ಕ್ಕೆ. ತೇಜಸ್ವಿ 2007, 2068ಕ್ಕೆ. ಕಗ್ಗದ ಪದ್ಯ ದಿನಕ್ಕೊಂದರಂತೆ ಎಲ್ಲರ ಮೊಬೈಲಿಗೂ ಬರುವುದರಿಂದ ಅದು ಯಾರ ಸ್ವತ್ತೂ ಅಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಒಂದು ಪದ್ಯ ಉದ್ಧರಿಸಿ ಅದರ ಬಗ್ಗೆ ನಾಲ್ಕು ಮಾತು ಬರೆಯುವುದಕ್ಕೆ ವಿಮರ್ಶೆಯ ರಿಯಾಯಿತಿ ಇದೆ. ಇಡೀ ಪುಸ್ತಕದ ಸ್ಕ್ಯಾನ್ ಹಂಚುವುದಕ್ಕೆ ಇಲ್ಲ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಪುಸ್ತಕದಲ್ಲಿ ಒಬ್ಬರದೇ ಹಕ್ಕು ಇರುವುದಿಲ್ಲ. ಕುಮಾರವ್ಯಾಸನ ಪದ್ಯಕ್ಕೆ ಹಕ್ಕುದಾರರಿಲ್ಲ, ಸರಿ. ಆದರೆ ಅದರ ಕೆಳಗಿನ ಗದ್ಯಾನುವಾದ, ಟಿಪ್ಪಣಿ, ಮುನ್ನುಡಿ, ಪಾಠಾಂತರದ ವಿವರಣೆ, ಮುಖಪುಟದ ಚಿತ್ರ ಇವೆಲ್ಲ ಬರೆದವರವು, ಬಿಡಿಸಿದವರವು. ವಚನಗಳದ್ದೂ ಅದೇ ಕಥೆ. ಬಸವಣ್ಣನವರ ವಚನ ಎಲ್ಲರದು, ಅದಕ್ಕೆ ಬರೆದ ವ್ಯಾಖ್ಯಾನ ವ್ಯಾಖ್ಯಾನಕಾರರದು. ಅನುವಾದವಾದರೆ ಮೂಲ ಲೇಖಕರ ಇಸವಿ ಒಂದು, ಅನುವಾದಕರ ಇಸವಿ ಇನ್ನೊಂದು, ಎರಡನ್ನೂ ನೋಡಬೇಕು. ಇಬ್ಬರು ಸೇರಿ ಬರೆದ ಪುಸ್ತಕಕ್ಕೆ ಕೊನೆಗೆ ತೀರಿಕೊಂಡವರ ಇಸವಿಯಿಂದ ಎಣಿಕೆ. ಲೇಖಕರು ಹೋದಮೇಲೆ ಮೊದಲ ಬಾರಿಗೆ ಅಚ್ಚಾದ ಕೃತಿಗೆ ಅಚ್ಚಾದ ವರ್ಷದಿಂದ 60. ಆದ್ದರಿಂದ ತ್ರಿವೇಣಿಯವರದೇ ಆದರೂ ಮೊದಲ ಮುದ್ರಣದ ಇಸವಿ 1963ರ ಆಚೆಗಿದ್ದರೆ ಆ ಪುಸ್ತಕವನ್ನು ಬೇರೆ ಎತ್ತಿಡಿ. ಹೆಸರಿಲ್ಲದೆ ಪ್ರಕಟವಾದದ್ದಕ್ಕೂ, ಸರ್ಕಾರವೇ ಹಕ್ಕುದಾರನಾಗಿರುವ ಪ್ರಕಟಣೆಗೂ ಪ್ರಕಟವಾದ ವರ್ಷದಿಂದ 60.

ಸಿನಿಮಾಕ್ಕೆ ಲೆಕ್ಕ ಬೇರೆ, ಬಿಡುಗಡೆಯಾದ ವರ್ಷದಿಂದ 60. ತ್ರಿವೇಣಿಯವರ ಬೆಳ್ಳಿಮೋಡ ಕಾದಂಬರಿ ಮುಕ್ತವಾಗಿದ್ದರೂ 1967ರಲ್ಲಿ ತೆರೆಕಂಡ ಅದರ ಚಿತ್ರಕ್ಕೆ 2027ರ ಕೊನೆಯವರೆಗೂ ಹಕ್ಕಿದೆ. ಕಾದಂಬರಿ ಸಿಕ್ಕಿತೆಂದು ಚಿತ್ರವನ್ನೂ ಅದೇ ಫೋಲ್ಡರಿಗೆ ಹಾಕಬೇಡಿ.

ಮುದ್ರಣ ವಿವರದ ಪುಟದಲ್ಲಿ "ಹಕ್ಕುಗಳು: ಲೇಖಕರವು" ಎಂಬ ಸಾಲೇ ಇಲ್ಲದಿದ್ದರೆ ಹಕ್ಕೇ ಇಲ್ಲ ಎಂದು ತಿಳಿಯಬೇಡಿ. ಭಾರತದಲ್ಲಿ ಹಕ್ಕು ಬರುವುದಕ್ಕೆ ಆ ಸಾಲೂ ಬೇಕಿಲ್ಲ, ನೋಂದಣಿಯೂ ಬೇಕಿಲ್ಲ. ಬರೆದ ಕ್ಷಣದಿಂದಲೇ ಬರುತ್ತದೆ.

ಸ್ಕ್ಯಾನರ್_ಪಕ್ಕದವಳು

ಮೇಲಿನವರು ಹೇಳಿದ ಇಸವಿ ಲೆಕ್ಕವೇ ಮುಖ್ಯ. ನಾನು ಫೈಲಿನ ಮಗ್ಗುಲಿಂದ ಹೇಳುತ್ತೇನೆ.

ಪೆನ್‌ಡ್ರೈವ್ ತೆರೆಯುವ ಮುಂಚೆ ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂದು ಹೋದರೆ ಸಿಗುತ್ತದೆ. ಇದು ಮುಚ್ಚಿದ್ದರೆ "ಕಾದಂಬರಿ.ಪಿಡಿಎಫ್.ಇಎಕ್ಸ್‌ಇ" ಎಂಬ ಫೈಲು ಬರೀ "ಕಾದಂಬರಿ.ಪಿಡಿಎಫ್" ಎಂದು ಕಾಣುತ್ತದೆ, ಕ್ಲಿಕ್ಕಿಸಿದರೆ ಪುಸ್ತಕ ತೆರೆಯುವ ಬದಲು ಪ್ರೋಗ್ರಾಂ ಓಡುತ್ತದೆ. ಇಎಕ್ಸ್‌ಇ, ಎಪಿಕೆ (ಮೊಬೈಲ್ ಆ್ಯಪ್‌ನ ಫೈಲು), ಜೆಎಸ್, ಎಲ್‌ಎನ್‌ಕೆ ಎಂದು ಮುಗಿಯುವುದನ್ನೆಲ್ಲ ತೆರೆಯದೆ ಅಳಿಸಿ. ಉಳಿದದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ವೈರಸ್ ತಡೆ) ಸ್ಕ್ಯಾನ್ ಕೊಡಿ. ಗೈಡುಗಳ ಜೊತೆ "ಓದಲು ಈ ಆ್ಯಪ್ ಹಾಕಿಕೊಳ್ಳಿ" ಎಂದು ಎಪಿಕೆ ಸೇರಿಸಿ ಕೊಡುವ ಚಾನೆಲ್‌ಗಳಿವೆ. ಮೊಬೈಲಿಗೆ ಬರುವ ಓಟಿಪಿಯನ್ನು ಕದಿಯುವುದಕ್ಕೆ ಇದೇ ದಾರಿ.

ಕದ್ದ ಪ್ರತಿಯ ಗುರುತುಗಳು ಬಹುಮಟ್ಟಿಗೆ ಮೊದಲ ಐದಾರು ಪುಟಗಳಲ್ಲೇ ಸಿಗುತ್ತವೆ. ಫೈಲಿನ ಹೆಸರಿನ ಮೊದಲಿಗೆ ಚಾನೆಲ್ ಹೆಸರು. ಪುಟಪುಟಕ್ಕೂ ಅಡ್ಡಡ್ಡ ವಾಟರ್‌ಮಾರ್ಕ್. ಶೀರ್ಷಿಕೆ ಪುಟ ಇದೆ, ಅದರ ಬೆನ್ನಿಗಿರಬೇಕಾದ ಮುದ್ರಣ ವಿವರದ ಪುಟ ಮಾತ್ರ ಕಾಣೆ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪುಸ್ತಕ ಉಳಿಯಲಿ ಎಂದು ಸ್ಕ್ಯಾನ್ ಮಾಡುವವರು ಆ ಪುಟವನ್ನು ಎಂದೂ ಬಿಡುವುದಿಲ್ಲ. ಪ್ರಕಾಶಕರ ಹೆಸರು, ವರ್ಷ, ಬೆಲೆ ಇರುವ ಪುಟವನ್ನೇ ಕಿತ್ತಿದ್ದರೆ ಅದು ಬೇಕೆಂದೇ ಮಾಡಿದ್ದು.

ಆಮೇಲೆ ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಡಿ ಒತ್ತಿ, ಪ್ರೊಡ್ಯೂಸರ್ ಎಂಬ ಸಾಲು ನೋಡಿ. ಮೊಬೈಲ್ ಸ್ಕ್ಯಾನಿಂಗ್ ಆ್ಯಪ್‌ನ ಹೆಸರಿದ್ದರೆ ಯಾರೋ ಪುಸ್ತಕ ಬಿಡಿಸಿಟ್ಟು ಫೋಟೊ ಹೊಡೆದದ್ದು. ಇನ್‌ಡಿಸೈನ್ ಅಥವಾ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದ ಹೆಸರಿದ್ದು, ಮೂಲೆಗಳಲ್ಲಿ ಕತ್ತರಿಸುವ ಗೆರೆಗಳೂ ಇದ್ದರೆ ಅಚ್ಚಿಗೆ ಹೋಗಬೇಕಿದ್ದ ಫೈಲೇ ಡಿಟಿಪಿ ಕೇಂದ್ರದಿಂದಲೋ ಮುದ್ರಣಾಲಯದಿಂದಲೋ ಸೋರಿರಬೇಕು. ಅಕ್ಷರ ಕಾಪಿ ಮಾಡಿ ಬೇರೆಡೆ ಹಾಕಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ನುಡಿ, ಶ್ರೀಲಿಪಿ ಥರದ ಹಳೆಯ ಫಾಂಟಿನಲ್ಲಿ ಜೋಡಿಸಿದ ಡಿಟಿಪಿ ಫೈಲು ಎಂದರ್ಥ. ಇದೊಂದರಿಂದಲೇ ಕಳವು ಎಂದು ಹೇಳಲಾಗದು, ಪ್ರಕಾಶಕರೇ ಬಿಟ್ಟಿರಲೂಬಹುದು. ಆದರೆ ವಿಚಾರಿಸದೆ ಇಡಬಾರದು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಆ ಆವೃತ್ತಿ ಇತ್ತೀಚಿನದು. ಮೂಲ ಹಳೆಯದಾದರೂ ಮುನ್ನುಡಿ, ಟಿಪ್ಪಣಿ, ಚಿತ್ರಗಳು ಹೊಸಬರವಾಗಿರುತ್ತವೆ.

ಇಂಟರ್ನೆಟ್ ಆರ್ಕೈವ್ ಬಗ್ಗೆ: ಅಲ್ಲಿಗೆ ಯಾರು ಬೇಕಾದರೂ ಏರಿಸಬಹುದು. "ಪಬ್ಲಿಕ್ ಡೊಮೇನ್" ಎಂದು ಗುರುತು ಹಾಕುವುದೂ ಏರಿಸಿದವರೇ, ಯಾರೂ ಪರಿಶೀಲಿಸುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಅಲ್ಲಿ ಸಾವಿರಾರಿವೆ. ಅವುಗಳಲ್ಲೂ ಹಕ್ಕು ಮುಗಿಯದ ಕನ್ನಡ ಪುಸ್ತಕಗಳು ಸೇರಿಕೊಂಡಿವೆ.

ಹಾಗಾದರೆ ಧೈರ್ಯವಾಗಿ ಎಲ್ಲಿಂದ ತರುವುದು? ಕನ್ನಡ ವಿಕಿಸೋರ್ಸ್‌ನಲ್ಲಿ ಪ್ರತಿ ಕೃತಿಗೂ ಹಕ್ಕಿನ ಸ್ಥಿತಿ ಬರೆದಿರುತ್ತದೆ, ತಪ್ಪಿದ್ದರೆ ಚರ್ಚಿಸಿ ತೆಗೆಯುತ್ತಾರೆ. ನಿರಂಜನರು 1991ರಲ್ಲಿ ತೀರಿಕೊಂಡರೂ ಅವರ ಕೃತಿಗಳನ್ನು ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೂ 2014ರಲ್ಲಿ ಅಂಥದೇ ಪರವಾನಗಿ ಸಿಕ್ಕಿತು. ಇವನ್ನು ಹೆಸರು ಹೇಳಿ, ಅದೇ ಪರವಾನಗಿ ಉಳಿಸಿಕೊಂಡು ಯಾರಿಗೂ ಹಂಚಬಹುದು. ವಚನಗಳಿಗೆ ವಚನ ಸಂಚಯ ಜಾಲತಾಣ ಇದೆ. ರಾಜ್ಯ ಸರ್ಕಾರದ ಕಣಜ ಜಾಲತಾಣ ಇದೆ, 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇದೆ, ಅದಕ್ಕೆ ನೋಂದಣಿ ಉಚಿತ. ಶಾಲಾ ಪಠ್ಯಪುಸ್ತಕಗಳ ಪಿಡಿಎಫ್ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲೇ ಇವೆ. ಇಂಥ ಕಡೆ ಫೈಲು ಇಳಿಸಿಟ್ಟು ಹಂಚುವುದಕ್ಕಿಂತ ಡೆಸ್ಕ್‌ಟಾಪ್ ಮೇಲೆ ಕೊಂಡಿ ಇಡುವುದು ಮೇಲು. ಪರಿಷ್ಕರಣೆಯಾದಾಗ ಮಕ್ಕಳಿಗೆ ಹಳೆಯ ಪಾಠ ಸಿಗುವುದಿಲ್ಲ, ಹಕ್ಕಿನ ತಕರಾರೂ ಇರುವುದಿಲ್ಲ. ಈಗಿನ ಲೇಖಕರ ಪುಸ್ತಕ ಬೇಕೆಂದರೆ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇ‍-ಪುಸ್ತಕ ಕೊಳ್ಳಲು ಸಿಗುತ್ತವೆ. ಆದರೆ ಅವು ಒಬ್ಬರ ಖಾತೆಗೆ ಕೊಟ್ಟವು, ಗ್ರಂಥಾಲಯದ ಎಲ್ಲರಿಗೂ ಒಂದೇ ಖಾತೆ ತೆರೆದಿಡಬೇಕೆಂದರೆ ಮೊದಲು ಅವರನ್ನು ಕೇಳಿ.

ಕಲಂ_ಐವತ್ತೆರಡು

ವಿನಾಯಿತಿಯ ಪ್ರಶ್ನೆಗೆ ಉತ್ತರಿಸುತ್ತೇನೆ, ಇಲ್ಲಿ ಗೊಂದಲ ಜಾಸ್ತಿ.

ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 52(1)(ಎನ್) ಪ್ರಕಾರ ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಈಗಾಗಲೇ ಅಚ್ಚಿನ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಎರಡು ಷರತ್ತು ಗಮನಿಸಿ: ಕಪಾಟಿನಲ್ಲಿ ಪುಸ್ತಕ ಇರಬೇಕು, ಉದ್ದೇಶ ಸಂರಕ್ಷಣೆ ಆಗಿರಬೇಕು. ಗೆದ್ದಲು ಹಿಡಿಯುತ್ತಿರುವ ಪ್ರತಿಯನ್ನು ನೀವೇ ಸ್ಕ್ಯಾನ್ ಮಾಡಿಟ್ಟರೆ ಇದು ನಿಮ್ಮ ರಕ್ಷಣೆಗೆ ಬರುತ್ತದೆ. ಟೆಲಿಗ್ರಾಂನಿಂದ ಇಳಿಸಿ ಎಲ್ಲರ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಟ್ಟರೆ ಬರುವುದಿಲ್ಲ. 52(1)(ಓ) ಇನ್ನೊಂದು: ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯದ ಉಸ್ತುವಾರಿ ಹೊತ್ತವರು ಗ್ರಂಥಾಲಯದ ಬಳಕೆಗೆ ಹೆಚ್ಚೆಂದರೆ ಮೂರು ಪ್ರತಿ ಮಾಡಿಸಬಹುದು. ಸಿಗುವುದಿಲ್ಲ ಎಂಬುದಕ್ಕೆ ಪ್ರಕಾಶಕರಿಗೆ ಬರೆದ ಪತ್ರವನ್ನೂ ಅವರ ಉತ್ತರವನ್ನೂ ಫೈಲ್ ಮಾಡಿಡಿ.

"ದುಡ್ಡು ತಗೊಳ್ಳಲ್ಲ" ಎಂಬ ವಾದ ನಿಲ್ಲುವುದಿಲ್ಲ. ಕಲಂ 63ರಡಿ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲದಿದ್ದರೆ ಕಾರಣ ಬರೆದು ಶಿಕ್ಷೆ ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಅಷ್ಟೇ. ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿರುವ ಫೈಲಿಗೆ ಉತ್ತರ ಹೇಳಬೇಕಾದವರು ಮೇಲ್ವಿಚಾರಕರು. ಪೆನ್‌ಡ್ರೈವ್ ಕೊಟ್ಟವರ ಹೆಸರು ಎಲ್ಲೂ ಇರುವುದಿಲ್ಲ.

ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಪ್ರಕರಣವನ್ನು ಕೆಲವರು ಉದಾಹರಿಸುತ್ತಾರೆ. 2016ರ ಆ ತೀರ್ಪು ತರಗತಿಯ ಪಾಠಕ್ಕೆ ಬೇಕಾದ ಭಾಗಗಳ ನಕಲಿನ ಬಗ್ಗೆ. ಊರಿನ ಗ್ರಂಥಾಲಯ ಇಡೀ ಕಾದಂಬರಿ ಹಂಚುವುದಕ್ಕೆ ಅದು ಒದಗುವುದಿಲ್ಲ.

ಧ್ವನಿಮುದ್ರಣದ ವಿಷಯದಲ್ಲಿ ಕಾನೂನು ನಿಜಕ್ಕೂ ಉದಾರವಾಗಿದೆ, ಇದನ್ನು ಪೂರ್ತಿ ಬಳಸಿಕೊಳ್ಳಿ. 52(1)(ಝಡ್‌ಬಿ) ಪ್ರಕಾರ ಅಂಗವೈಕಲ್ಯ ಇರುವವರು ಓದಲಾಗುವ ರೂಪಕ್ಕೆ ಯಾವ ಕೃತಿಯನ್ನಾದರೂ ತರಬಹುದು, ಅವರೊಂದಿಗೆ ಹಂಚಿಕೊಳ್ಳಬಹುದು. ಕುವೆಂಪು, ಕಾರಂತರೂ ಸೇರಿದಂತೆ, ಅನುಮತಿ ಕೇಳಬೇಕಿಲ್ಲ. ಸಂಸ್ಥೆಯಾಗಿ ಮಾಡುವಾಗ ಲಾಭ ಇರಬಾರದು, ತಗಲಿದ ಖರ್ಚಷ್ಟೇ ಪಡೆಯಬಹುದು, ಪ್ರತಿಗಳು ಅವರಿಗೆ ಮಾತ್ರ ತಲುಪುವಂತೆ ನೋಡಿಕೊಳ್ಳಬೇಕು. ಯೂಟ್ಯೂಬ್ ಆಗುವುದಿಲ್ಲ ಎನ್ನುವುದು ಇದೇ ಕೊನೆಯ ಷರತ್ತಿನಿಂದ. ಅಲ್ಲಿ ಹಾಕಿದ್ದು ಎಲ್ಲರಿಗೂ ತೆರೆದಂತೆ. ಧ್ವನಿಮುದ್ರಿಸಿದ್ದನ್ನು ಮೆಮೊರಿ ಕಾರ್ಡ್‌ಗೆ ಹಾಕಿ ವಿದ್ಯಾರ್ಥಿಗಳ ಕೈಗೆ ಕೊಡಿ, ಪಡೆದವರ ಹೆಸರು ಬರೆದಿಡಿ. 2016ರಲ್ಲಿ ಆರಂಭವಾದ, ದೃಷ್ಟಿದೋಷ ಇರುವಂಥವರಿಗಾಗಿನ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಅವರನ್ನು ಸದಸ್ಯರಾಗಿಸಿದರೆ ಈಗಾಗಲೇ ತಯಾರಾದ ಪುಸ್ತಕಗಳೂ ಸಿಗುತ್ತವೆ.

ಎಲ್ಲರಿಗಾಗಿ ಯೂಟ್ಯೂಬ್ ವಾಚನ ಮಾಡಲೇಬೇಕೆಂದರೆ ಪಂಜೆ ಮಂಗೇಶರಾಯರು, ಎಂ.ಎಸ್. ಪುಟ್ಟಣ್ಣ ಇಂಥವರನ್ನು ಆಯ್ದುಕೊಳ್ಳಿ. "ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ" ಎಂಬ ಅಡಿಬರಹಕ್ಕಾಗಲಿ, "30 ಸೆಕೆಂಡಿನೊಳಗಿದ್ದರೆ ತೊಂದರೆಯಿಲ್ಲ" ಎಂಬ ಮಾತಿಗಾಗಲಿ ಕಾಯ್ದೆಯಲ್ಲಿ ಆಧಾರವಿಲ್ಲ. 90 ದಿನಗಳೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹಿನ್ನೆಲೆಗೆ ಸಿನಿಮಾ ಸಂಗೀತ ಹಾಕಿ ಸ್ಟ್ರೈಕ್ ತಂದುಕೊಳ್ಳುವವರೂ ಇದ್ದಾರೆ. ವಾರದ ಓದು ಕಾರ್ಯಕ್ರಮದಲ್ಲಿ ಕೃತಿಯ ಒಂದಿಷ್ಟು ಭಾಗವನ್ನು ಸಭೆಗೆ ಓದಿ ಹೇಳುವುದು ಮಾತ್ರ ಧಾರಾಳವಾಗಿ ಆಗಬಹುದು, ಕಾಯ್ದೆಯೇ ಒಪ್ಪುತ್ತದೆ.

ಕೂಟದ_ಜಾಲತಾಣ

ಅಮೆರಿಕದ ಕನ್ನಡ ಕೂಟವೊಂದರ ಜಾಲತಾಣದಲ್ಲಿ ತ್ರಿವೇಣಿಯವರ ಕಾದಂಬರಿಗಳ ಸ್ಕ್ಯಾನ್ ಹಾಕುವ ಯೋಚನೆ ಇದೆ. ಸರ್ವರ್ ಕೂಡ ಅಮೆರಿಕದ್ದೇ. 2024ರಿಂದ ಮುಕ್ತ ಎಂದಿದ್ದೀರಿ, ಹಾಗಾದರೆ ಹಾಕಬಹುದಲ್ಲವೇ?

ಸ್ಕ್ಯಾನರ್_ಪಕ್ಕದವಳು

ಇಲ್ಲ ಸರ್, ಅಲ್ಲಿ ಹಾಕಬೇಡಿ. ಮುಕ್ತವಾಗಿರುವುದು ಭಾರತದಲ್ಲಿ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗಳಿಗೆ ಅಮೆರಿಕ ತನ್ನ ನೆಲದಲ್ಲಿ ಹಕ್ಕನ್ನು ಮರಳಿ ಕೊಟ್ಟಿದೆ, ಪ್ರಕಟವಾದ ವರ್ಷದಿಂದ 95 ವರ್ಷ. 1955ರಲ್ಲಿ ಅಚ್ಚಾದ ಕಾದಂಬರಿಗೆ ಅಲ್ಲಿ 2050ರ ಕೊನೆಯವರೆಗೆ ರಕ್ಷಣೆ. ಅಮೆರಿಕದಲ್ಲಿ ಸರ್ವರ್ ಇರುವ ವಿಕಿಸೋರ್ಸ್‌ಗೂ ಇದೇ ತೊಡಕು. ಅಲ್ಲಿ ತ್ರಿವೇಣಿಯವರನ್ನು ಹುಡುಕಿ ಸಿಗದಿದ್ದರೆ ಆಶ್ಚರ್ಯಪಡಬೇಡಿ.

1940ರೊಳಗೆ ತೀರಿಕೊಂಡ ಲೇಖಕರು ಜೀವಂತವಿದ್ದಾಗಲೇ ಪ್ರಕಟವಾದ ಕೃತಿಗಳಿಗೆ ಸಾಮಾನ್ಯವಾಗಿ ಆ ಸಮಸ್ಯೆ ಇಲ್ಲ. ಆಗ ಭಾರತದ ಅವಧಿ 50 ವರ್ಷವಾಗಿತ್ತು. 60ಕ್ಕೆ ಏರಿಸುವ ಹೊತ್ತಿಗೆ ಅವರ ಹಕ್ಕು ಮುಗಿದುಹೋಗಿತ್ತು. 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣ, 1937ರಲ್ಲಿ ಹೋದ ಪಂಜೆ ಮಂಗೇಶರಾಯರು ಇವರಿಂದ ಶುರುಮಾಡಿ. ಅಲ್ಲಿ ಬೆಳೆಯುವ ಮಕ್ಕಳಿಗೆ ಪಂಜೆಯವರ ಪದ್ಯಗಳಿಗಿಂತ ಒಳ್ಳೆಯ ಆರಂಭ ಇನ್ನೇನಿದೆ!

ಅರಿವುಕೇಂದ್ರ_ಮೇಲ್ವಿಚಾರಕಿ

ತುಂಬಾ ಉಪಕಾರವಾಯಿತು. ಎರಡು ವಿಷಯ ಉಳಿದವು. ಹುಡುಗರು ಎಲ್ಲಕ್ಕಿಂತ ಹೆಚ್ಚು ಕೇಳುವುದು ಪರೀಕ್ಷೆಯ ಗೈಡುಗಳನ್ನು, ಅವನ್ನೇನು ಮಾಡಲಿ? ಹಕ್ಕಿರುವ ಪುಸ್ತಕಗಳಿಗೆ ಅನುಮತಿ ಕೇಳಿದರೆ ಯಾರಾದರೂ ಕೊಡುತ್ತಾರೆಯೇ, ಯಾರಿಗೆ ಬರೆಯಬೇಕು?

ಕಲಂ_ಐವತ್ತೆರಡು

ಗೈಡುಗಳನ್ನು ಅಳಿಸಿ. ಎಲ್ಲವೂ ಈಗಿನವರು ಬರೆದವು, ಹಕ್ಕು ಪೂರ್ತಿ ಜೀವಂತ. ಆ ಪ್ರಕಾಶಕರು ಸುಮ್ಮನಿರುವವರೂ ಅಲ್ಲ. ಕೋಚಿಂಗ್ ಪಾಠಗಳ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಚಾನೆಲ್ ನಡೆಸುವವರ ಫೋನ್ ಸಂಖ್ಯೆ, ಐಪಿ ವಿಳಾಸದಂಥ ವಿವರ ಕೊಡುವಂತೆ ಟೆಲಿಗ್ರಾಂಗೇ ಆದೇಶಿಸಿತು. ಮೇಲಾಗಿ ಟೆಲಿಗ್ರಾಂ ಗೈಡುಗಳು ಹಳೆಯ ಆವೃತ್ತಿಗಳಾಗಿರುತ್ತವೆ. ಪಠ್ಯಕ್ರಮ ಬದಲಾದದ್ದು, ತಿದ್ದುಪಡಿಯಾದ ಕಾನೂನು ಅವುಗಳಲ್ಲಿ ಇರುವುದಿಲ್ಲ, ಓದಿದವರಿಗೇ ನಷ್ಟ. ಅವುಗಳ ಜಾಗಕ್ಕೆ ಕರ್ನಾಟಕ ಲೋಕಸೇವಾ ಆಯೋಗದ ಜಾಲತಾಣದ ಹಳೆಯ ಪ್ರಶ್ನೆಪತ್ರಿಕೆಗಳ ಕೊಂಡಿ, 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನದ ಪಠ್ಯ, ರಾಜ್ಯದ ಆರ್ಥಿಕ ಸಮೀಕ್ಷೆ, ರಾಜ್ಯಪತ್ರ ಇವನ್ನು ಜೋಡಿಸಿ. ರಾಜ್ಯಪತ್ರದಲ್ಲಿ ಬಂದದ್ದನ್ನು (ಶಾಸನವಾದರೆ ವ್ಯಾಖ್ಯಾನ ಅಥವಾ ಸ್ವಂತ ಬರಹದ ಜೊತೆಗೆ) ಪುನರ್ಮುದ್ರಿಸಲು ಕಾಯ್ದೆಯಲ್ಲೇ ಅವಕಾಶವಿದೆ, ನ್ಯಾಯಾಲಯ ಬೇಡವೆಂದಿಲ್ಲದಿದ್ದರೆ ತೀರ್ಪುಗಳನ್ನೂ.

ಕರಡು_ತಿದ್ದುವವ

ಅನುಮತಿ ಖಂಡಿತ ಕೇಳಿ. ಕನ್ನಡದಲ್ಲಿ ಒಂದು ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ, ಲೇಖಕರಿಗೆ ಗೌರವಧನ ಮುಖಬೆಲೆಯ ಶೇಕಡ 10ರ ಆಸುಪಾಸು. ಇಂಥ ಸಣ್ಣ ಲೆಕ್ಕದಲ್ಲಿ ಒಂದು ಪಿಡಿಎಫ್ ಹರಿದಾಡಿದರೆ ಎರಡನೇ ಮುದ್ರಣವೇ ನಿಂತುಹೋಗುತ್ತದೆ. ಪ್ರಕಾಶಕರು ಸಿಟ್ಟಾಗುವುದು ಅದಕ್ಕೆ. ಅದೇ ಮಂದಿ ಕೇಳಿ ಬಂದ ಗ್ರಂಥಾಲಯವನ್ನು ಬರಿಗೈಲಿ ಕಳಿಸುವುದು ಅಪರೂಪ. ಮುದ್ರಣ ಮುಗಿದ ಪುಸ್ತಕವಾದರೆ ಲೇಖಕರ ಮನೆಯವರು ಸಂತೋಷದಿಂದ ಒಪ್ಪುವುದೂ ಉಂಟು.

ಪ್ರಕಾಶಕರಿಗೂ ಲೇಖಕರಿಗೂ, ಅವರಿಲ್ಲದಿದ್ದರೆ ವಾರಸುದಾರರಿಗೂ, ಇಬ್ಬರಿಗೂ ಬರೆಯಿರಿ. ಯಾಕೆಂದರೆ ಹಳೆಯ ಒಪ್ಪಂದಗಳು ಅಚ್ಚಿನ ಪುಸ್ತಕಕ್ಕಷ್ಟೇ ಆಗಿರುತ್ತವೆ, ಇ‍-ಪುಸ್ತಕದ ಹಕ್ಕು ಪ್ರಕಾಶಕರ ಬಳಿ ಇಲ್ಲದಿರಬಹುದು. ಅವಧಿ ಬರೆಯದ ಹಕ್ಕು ವರ್ಗಾವಣೆಗೆ ಕಲಂ 19ರ ಪ್ರಕಾರ 5 ವರ್ಷ ಮಾತ್ರ ಆಯುಸ್ಸು. ಅದಾದ ಮೇಲೆ ಹಕ್ಕು ಲೇಖಕರಿಗೆ ಮರಳಿರುತ್ತದೆ.

ಪತ್ರ ಅರ್ಧ ಪುಟ ಸಾಕು. ಪುಸ್ತಕದ ಹೆಸರು, ಆವೃತ್ತಿ, ವರ್ಷ ಬರೆಯಿರಿ. ಎಷ್ಟು ಕಂಪ್ಯೂಟರಿನಲ್ಲಿ ಇಡುತ್ತೀರಿ, ಓದಲಷ್ಟೇ ಕೊಡುತ್ತೀರಾ ಕಾಪಿ ಮಾಡಲೂ ಬಿಡುತ್ತೀರಾ, ಎಷ್ಟು ವರ್ಷಕ್ಕೆ, ಶುಲ್ಕ ಇದೆಯೇ, ಇದಿಷ್ಟು ಸ್ಪಷ್ಟವಿರಲಿ. "ಪ್ರಚಾರಕ್ಕಾಗಿ ಬಳಸಲು ಅನುಮತಿ ಕೊಡಿ" ಎಂಬಂಥ ಸಡಿಲ ವಾಕ್ಯ ಬರೆದರೆ ಓದಿದವರಿಗೆ ಅನುಮಾನ ಬಂದು ಉತ್ತರವೇ ಬರುವುದಿಲ್ಲ. ಫೋನಿನಲ್ಲಿ "ಆಯ್ತು, ಹಾಕ್ಕೊಳ್ಳಿ" ಅಂದರೂ ಬರಹದಲ್ಲಿ ತರಿಸಿಕೊಳ್ಳಿ. ಕಾಯ್ದೆ ಕೇಳುವುದು ಬರವಣಿಗೆಯ ಪರವಾನಗಿಯನ್ನೇ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ.

ಪೆನ್‌ಡ್ರೈವ್‌ನ ಫೈಲುಗಳನ್ನು ಮೊದಲ ದಿನವೇ ಮೂರು ಫೋಲ್ಡರಿಗೆ ಹಂಚಿ: ಮುಕ್ತ, ಅನುಮತಿ ಬೇಕು, ತಿಳಿದಿಲ್ಲ. ಓದುಗರಿಗೆ ಕಾಣಬೇಕಾದ್ದು ಮೊದಲನೆಯದು ಮಾತ್ರ. ಅನುಮತಿ ಬೇಕಾದ ಪುಸ್ತಕದ ಹೆಸರು ವಿವರಗಳನ್ನು ಬರೆದುಕೊಂಡು ಫೈಲನ್ನು ಅಳಿಸಿ, ಅನುಮತಿ ಸಿಕ್ಕಾಗ ಒಳ್ಳೆಯ ಪ್ರತಿಯನ್ನು ಪ್ರಕಾಶಕರೇ ಕೊಡುತ್ತಾರೆ. ಒಂದು ರಿಜಿಸ್ಟರಿನಲ್ಲಿ ಕೃತಿ, ಲೇಖಕರು ತೀರಿಕೊಂಡ ಇಸವಿ, ಮೊದಲ ಮುದ್ರಣದ ಇಸವಿ, ಅನುವಾದಕರು ಅಥವಾ ಸಂಪಾದಕರು, ಫೈಲು ತಂದ ಜಾಗ, ನೋಡಿದ ದಿನಾಂಕ ಎಂದು ಆರು ಅಂಕಣ ಹಾಕಿ. "ತಿಳಿದಿಲ್ಲ" ಎಂಬಲ್ಲಿ ಬೀಳುವ ಪುಸ್ತಕಗಳ ಪಟ್ಟಿಯನ್ನು ಇಲ್ಲಿ ಹಾಕಿದರೆ ಇಸವಿಗಳನ್ನು ನಾವು ಹುಡುಕಿಕೊಡುತ್ತೇವೆ.